ಬಿರುಕಿನ ಮೇಲೆ ಕ್ಯಾಲೆಂಡರ್

ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ಒಂದು ಬಿರುಕಿದೆ. ನಾನು ಮದುವೆಯಾಗಿ ಬಂದಾಗಲೇ ಇತ್ತು. ನೆಂಟರು ಬರುವ ದಿನ ಅದರ ಮೇಲೆ ಲಕ್ಷ್ಮಿಯ ಕ್ಯಾಲೆಂಡರ್ ತೂಗುಹಾಕುವುದು ಅತ್ತೆ ಕಲಿಸಿದ್ದು.

ನೆಲದಡಿ ರೈಲಿನ ಸುರಂಗ ಕೊರೆಯುವ ಮುಂಚೆ ಒಬ್ಬ ಇಂಜಿನಿಯರ್ ಹುಡುಗಿ, ಬರುತ್ತೇನೆಂದು ಹೇಳಿಕಳಿಸಿ, ಸರ್ವೆಗೆ ಬಂದಳು. ಬೀದಿಯಲ್ಲಿ ತೂತು ಕೊರೆದು ನೋಡಿದ್ದರಂತೆ. ಕೆಳಗೆ ಅರ್ಧ ಬಂಡೆ, ಅರ್ಧ ಮಣ್ಣು.

"ಬರೀ ಬಂಡೆ ಇದ್ರೆ ಸಲೀಸು ಅಜ್ಜಿ. ಎರಡೂ ಇದ್ರೆ ಮಣ್ಣು ಕುಸೀಬಹುದು. ಅದಕ್ಕೇ ಈಗಿರೋ ಬಿರುಕೆಲ್ಲ ಬರ್ಕೋತೀವಿ. ಆಮೇಲೆ ಹೊಸದು ಬಂದ್ರೆ ಗೊತ್ತಾಗ್ಬೇಕಲ್ಲ. ಈ ಕ್ಯಾಲೆಂಡರ್ ತೆಗೀಲಾ?"

"ದೇವ್ರ ಪಟ, ಮುಟ್ಬೇಡ. ಹಿಂದೆ ಏನೂ ಇಲ್ಲ."

ಅವಳು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಓದಿದ ಹುಡುಗಿ ನನ್ನ ಮನೆಯನ್ನು ಮುರುಕು ಮನೆ ಅಂದುಕೊಳ್ಳಬಾರದು, ಅಷ್ಟೇ. ಫೋಟೋ ತೆಗೆದುಕೊಂಡು ಹೋದಳು.

ಸುರಂಗ ಕೊರೆಯುವ ಮೆಷಿನ್ ಪಕ್ಕದ ಬೀದಿಗೆ ಬಂದಾಗ ಅವಳೂ ಅವಳ ಸಾಹೇಬರೂ ಹೇಳದೆ ಕೇಳದೆ ಬಂದರು. ಗೋಡೆ ಬರಿದಾಗಿತ್ತು.

"ಏನ್ರೀ ಇದು, ಇಷ್ಟುದ್ದ? ಫೋಟೋದಲ್ಲಿ ಇಲ್ವಲ್ಲ?"

"ಅಲ್ಲಿ ಕ್ಯಾಲೆಂಡರ್ ಇತ್ತು ಸರ್."

"ತೆಗೆದು ನೋಡ್ಲಿಲ್ಲ? ಸರ್ವೆ ಮಾಡಿದ್ರೋ, ಮದ್ವೆಮನೆ ಫೋಟೋ ಹೊಡೆದ್ರೋ? ಈಗ ಮೆಷಿನ್ ನಿಲ್ಲಿಸ್ಬೇಕು. ನಾಳೆಯಿಂದ ನೀವು ಕೆಲಸಕ್ಕೆ ಬರೋದ್ ಬೇಡ." ನನ್ನ ಕಡೆ ತಿರುಗಿದರು. "ಅಜ್ಜಿ, ಇದು ಹೊಸದಾ?"

"ವಯಸ್ಸಾಯ್ತಪ್ಪ, ನಂಗೇನ್ ಗೊತ್ತು?" ಎಂದುಬಿಟ್ಟೆ.

ಹುಡುಗಿ ನನ್ನನ್ನು ಒಮ್ಮೆ ನೋಡಿದಳು. ಅಜ್ಜಿಯೇ ತಡೆದರು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬ್ಯಾಗ್ ಎತ್ತಿಕೊಂಡು ಸಾಹೇಬರ ಹಿಂದೆ ಹೊರಟಳು. ಅವರು ಗೇಟು ದಾಟುವವರೆಗೂ ನಾನು ಕಂಬದ ಹಾಗೆ ನಿಂತಿದ್ದೆ. ಆಮೇಲೆ ಬರಿಗಾಲಲ್ಲಿ ಓಡಿದೆ.

"ನಿಂತ್ಕೊಳ್ರಪ್ಪ! ಹಳೇ ಬಿರುಕು ಅದು. ಅವಳು ಕೇಳಿದ್ಲು, ನಾನೇ ಸುಳ್ಳು ಹೇಳ್ದೆ."

ಎದುರುಮನೆಯವರು ಹೊರಗೆ ಬಂದು ನೋಡುತ್ತಿದ್ದರು. ನೋಡಲಿ.

"ಈಗ ಹೇಳಿದ್ರೆ ಹೆಂಗ್ ನಂಬೋದು ಅಜ್ಜಿ?"

ಒಳಗೆ ಕರೆತಂದೆ. ಹುಡುಗಿ ಬಿರುಕಿನೊಳಗೆ ಟಾರ್ಚ್ ಬಿಟ್ಟಳು. ಗೋಡೆ ಈಗ ಹಳದಿ. ಒಳಗೆ, ಅತ್ತೆಯ ಕಾಲದಲ್ಲಿ ಬಳಿದ ಹಸಿರು ಬಣ್ಣ ಇನ್ನೂ ಅಂಟಿಕೊಂಡಿತ್ತು. ಹೊಸ ಬಿರುಕಾದರೆ ಅದರೊಳಗೆ ಆ ಬಣ್ಣ ಎಲ್ಲಿಂದ ಬರಬೇಕು? ಸಾಹೇಬರು ಬಗ್ಗಿ ನೋಡಿ, ಉಗುರಿನಿಂದ ಕೆರೆದು, "ಸರಿಯಾಗಿ ಬರ್ಕೊಂಡು ನಾಳೆ ಆಫೀಸಿಗೆ ತನ್ನಿ" ಎಂದು ಹುಡುಗಿಗೆ ಹೇಳಿ ಹೊರಗೆ ಹೋದರು.

"ಕಾಫಿ ಕುಡೀತೀಯಾ ಮಗು?" ಎಂದೆ.

"ಬೇಡ ಅಜ್ಜಿ. ಈ ಟೇಪಿನ ತುದಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಅವಳು ಈಗ ತೆಗೆದ ಫೋಟೋದಲ್ಲಿ ಬಿರುಕಿನ ಪಕ್ಕ ನನ್ನ ಕೈಯೂ ಬಂತು.