ಗುಂಡಿ ಬಿಚ್ಚದ ತೋಳು

ಕುಣಿಗಲ್ ಕೆರೆಯಲ್ಲಿದ್ದ ನಮ್ಮ ಮಾವನ ಪೆಟ್ರೋಲ್ ದೋಣಿಗೆ ಒಬ್ಬ ಮೆಕ್ಯಾನಿಕ್ ಇದ್ದರು. ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚುತ್ತಿರಲಿಲ್ಲ. ನಾನು ಏನೇ ವಾದಿಸಿದರೂ ಅವರದು ಒಂದೇ ಉತ್ತರ: "ವಸಿ ತಡಿಯಪ್ಪ."

ಒಂದು ದಿನ ಎಂಜಿನ್ ತಡೆತಡೆದು ಓಡುತ್ತಾ ಮಿಸ್ ಹೊಡೆಯತೊಡಗಿತು. ದಡಕ್ಕೆ ಕಟ್ಟಿ, ದೋಣಿಯೊಳಗಿನ ಎಂಜಿನ್ ಮುಚ್ಚಳ ತೆಗೆದು, ಅವರು ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಅದು ಪೆಟ್ರೋಲಿನಲ್ಲಿ ತೊಯ್ದಿತ್ತು. ಮೂಸಿ ನೋಡಿ ಸುಮ್ಮನೆ ಕೂತುಬಿಟ್ಟರು.

"ಗಾಳಿಯಾಡ್ಲಿ. ವಸಿ ತಡಿಯಪ್ಪ."

"ಇದೇನು ಪೂಜೆಗೆ ಮುಹೂರ್ತವಾ?" ಎಂದು ನಕ್ಕು, ನಾನೇ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ಹಿಡಿದೆ. "ಸ್ಕೂಟರಲ್ಲಿ ಹೀಗೇ ಕಿಡಿ ನೋಡ್ತೀವಿ. ಕೀ ತಿರುಗಿಸ್ಲಾ?"

ಪ್ಲಗ್ ಹಿಡಿದ ನನ್ನ ಕೈಯನ್ನು ಅವರು ಗಪ್ಪನೆ ಹಿಡಿದರು. "ಸ್ಕೂಟರಲ್ಲಿ ಪೆಟ್ರೋಲ್ ಆವಿ ಗಾಳಿಗೋಯ್ತದೆ. ದೋಣೀಲಿ ತಳದಲ್ಲೇ ಕೂತಿರ್ತದೆ. ಕಿಡಿ ಹಾರಿದ್ರೆ ಮುಗೀತು. ನಿನ್ ಡಿಬೇಟು ಅದುಕ್ಕೆ ಕೇಳ್ಸಕಿಲ್ಲ."

"ಸಾಕ್ಷಿ?" ಎಂದೆ, ಅಭ್ಯಾಸಬಲದಿಂದ.

ಅವರು ತೋಳಿನ ಗುಂಡಿ ಬಿಚ್ಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕರಗಿ ಹೆಪ್ಪುಗಟ್ಟಿದ ಮೇಣದಂತಿತ್ತು.

"ನಾನೂ ಮೊದ್ಲು ಗಾಡಿ ಮೆಕ್ಯಾನಿಕ್ಕೇ. ದೋಣೀಲೂ ಹಿಂಗೇ ಕಿಡಿ ನೋಡೋಕೋದೆ."

ನನ್ನ ಎಡಗೈ ಆಗಲೇ ಕೀ ಮೇಲಿತ್ತು. ತೆಗೆಯಬೇಕೆಂದರೂ ಬೆರಳುಗಳು ಸಡಿಲವಾಗಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು.