ಮಾವನವರ ಶಲ್ಯ ಮತ್ತು ನಮ್ಮ ಸಾಲಿನ ಚಪ್ಪಾಳೆ

ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಮೊದಲ ವರ್ಷವೇ, ಎಪ್ಪತ್ತರ ದಶಕದ ಒಂದು ರಾಮನವಮಿ ಪೆಂಡಾಲಿನಲ್ಲಿ, ನಾನು ಮಾವನವರ ಮಾನ ಕಳೆದೆ. ಮೃದಂಗದವರು ಜೋರಾಗಿ ಬಾರಿಸಿ ಗಕ್ಕನೆ ನಿಲ್ಲಿಸಿದರು. ಮುಗಿಯಿತು ಅಂದುಕೊಂಡು ಚಟಪಟ ಚಪ್ಪಾಳೆ ಹೊಡೆದೆ. ಮುಗಿದಿರಲಿಲ್ಲ. ಅದೇ ಪೆಟ್ಟುಗಳನ್ನು ಅವರು ಇನ್ನೂ ಎರಡು ಸಲ ಬಾರಿಸಬೇಕಿತ್ತಂತೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲೇ ಇದ್ದ ಮಾವನವರು ಮಾತ್ರ ತಿರುಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನನ್ನ ತವರು ಸುಂಕದಕಟ್ಟೆ. ಅಲ್ಲಿ ನಾಟಕದ ಭೀಮ ಗದೆ ಎತ್ತಿದರೆ ಸಾಕು, ಸಿಳ್ಳೆಯೂ ಚಪ್ಪಾಳೆಯೂ ಒಟ್ಟಿಗೆ ಏಳುತ್ತಿದ್ದವು. ಈ ಮನೆಯಲ್ಲೋ, ಆಲಾಪನೆಯ ನಡುವೆ ಕೆಮ್ಮಿದರೂ ಅಪಚಾರ. ಮಾವನವರು ತೊಡೆಯ ಮೇಲೆ ತಾಳ ಹಾಕುತ್ತ ಕೂತರೆ ಸುತ್ತಲಿನ ಸಾಲುಗಳೂ ಅವರನ್ನೇ ನೋಡಿಕೊಂಡು ತಲೆದೂಗುತ್ತಿದ್ದವು. ಇವಳಿಗೆ ಸಂಗೀತ ತಿಳಿಯದು ಎಂದು ಆ ಸಂಜೆಯೇ ತೀರ್ಮಾನವಾಯಿತು. ಕಚೇರಿಯ ಬಗ್ಗೆ ಮನೆಯವರೆಲ್ಲ ಚರ್ಚೆ ಮಾಡುವಾಗ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯುತ್ತಿತ್ತು.

ಅತ್ತೆಯೇ ಒಂದು ಉಪಾಯ ಹೇಳಿಕೊಟ್ಟರು.

"ನಿಮ್ಮ ಮಾವನ ಶಲ್ಯ ನೋಡ್ತಿರು. ಹಾಡು ಮುಗಿದ ತಕ್ಷಣ ಹೆಗಲ ಮೇಲೆ ಸರಿ ಮಾಡ್ಕೋತಾರೆ. ಆಮೇಲೆ ಹೊಡಿ."

"ನೀವೂ ಅದನ್ನೇ ನೋಡೋದಾ ಅತ್ತೆ?"

"ಮತ್ತಿನ್ನೇನು? ಮದುವೆ ಆದಾಗಿಂದ ಅದನ್ನೇ ನೋಡ್ತಿದೀನಿ ಕಣೇ."

ಮರುವರ್ಷ ಅದೇ ಪೆಂಡಾಲು. ಹಾಡಿದ್ದು ನಮ್ಮ ಹಿಂದಿನ ಬೀದಿಯ ಹುಡುಗಿ. ಅವಳ ಮೊದಲ ಕಚೇರಿ. ಸೆಖೆಗೋ, ಪಾನಕ ಕೋಸಂಬರಿಯ ಭಾರಕ್ಕೋ, ಮಾವನವರು ನಡುವೆಯೇ ನಿದ್ದೆಗೆ ಜಾರಿದರು. ಹುಡುಗಿ ಕಣ್ಣು ಮುಚ್ಚಿಕೊಂಡು ಎಷ್ಟು ಮುದ್ದಾಗಿ ಹಾಡಿದಳೆಂದರೆ ನನಗೆ ಶಲ್ಯದ ಕಡೆ ಗಮನವೇ ಹೋಗಲಿಲ್ಲ. ಹಾಡು ಮುಗಿಯಿತು. ಶಲ್ಯ ಅಲುಗಲಿಲ್ಲ. ಅತ್ತೆ ಕೈ ಎತ್ತಲಿಲ್ಲ. ನಮ್ಮ ಸಾಲನ್ನು ನೋಡುತ್ತಿದ್ದ ಹಿಂದಿನವರೂ, ಅವರ ಹಿಂದಿನವರೂ ಸುಮ್ಮನೆ ಕೂತರು. ಹುಡುಗಿ ಎಲ್ಲಿ ತಪ್ಪಿದೆನೋ ಎಂಬಂತೆ ಪಿಟೀಲಿನವರತ್ತ ನೋಡಿದಳು.

ಪಾಪ ಅನ್ನಿಸಿತು. ನನಗೇನಾದರೂ ಆಗಲಿ ಎಂದು ಅಂಗೈ ಉರಿಯುವ ಹಾಗೆ ಚಪ್ಪಾಳೆ ಹೊಡೆದೇಬಿಟ್ಟೆ. ಒಂದು ಕ್ಷಣ ನಾನೊಬ್ಬಳೇ. ಆಮೇಲೆ ಅತ್ತೆ, ಆಮೇಲೆ ಪೆಂಡಾಲಿಗೆ ಪೆಂಡಾಲೇ. ಹುಡುಗಿ ನಕ್ಕಳು. ಮಾವನವರು ಬೆಚ್ಚಿ ಎಚ್ಚೆತ್ತು "ಭೇಷ್" ಎಂದರು.

ಮನೆಗೆ ಬರುವಾಗ ಮಾವನವರು ಮುಂದೆ ಮುಂದೆ ನಡೆದರು. ಬೈಸಿಕೊಳ್ಳಲು ತಯಾರಾಗಿಯೇ ಹಿಂದೆ ಬರುತ್ತಿದ್ದೆ. ಗೇಟಿನ ಹತ್ತಿರ, ಅತ್ತೆ ಒಳಗೆ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದರು.

"ನಂಗೊಂದು ಚೂರು ಮಂಪರು ಬಂದಿತ್ತಮ್ಮ. ಆ ಮಗು ಹೇಗೆ ಹಾಡ್ತು, ಹೇಳು."

ಅವಳ ದನಿ ಮೇಲಕ್ಕೆ ಹೋಗಿ ನಿಂತದ್ದು, ಪಿಟೀಲು ಅವಳ ಹಿಂದೆಯೇ ಮೆತ್ತಗೆ ಬಂದದ್ದು, ನನಗೆ ಕಣ್ಣು ತುಂಬಿದ್ದು, ಎಲ್ಲ ಹೇಳಿದೆ. ಅಲ್ಲೇ ನಿಂತು ಅವರು ಪೂರ್ತಿ ಕೇಳಿಸಿಕೊಂಡರು.