ಬಳೆ ಒಡೆದ ಹೊತ್ತು

ಯರಗಟ್ಟಿಯ ಸತ್ಯವ್ವನ ರೊಟ್ಟಿ ಎಂದರೆ ಬೆಳಗಾವಿ ರಸ್ತೆಯ ಖಾನಾವಳಿಯವರು ಪಾಳಿ ಹಚ್ಚುತ್ತಾರೆ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಆ ಕೈಗಳಲ್ಲಿ ಒಂದು ಬಳೆಯೂ ಇಲ್ಲ. ಗಂಡ ಸತ್ತವಳು, ಇನ್ನೇನು ಎಂದು ಜನ ಸುಮ್ಮನಾಗಿದ್ದರು. ಸಂಗತಿ ಅಷ್ಟು ಸರಳವಿರಲಿಲ್ಲ.

ಗಂಡ ಲಕ್ಷ್ಮಣ ಲಾರಿ ಡ್ರೈವರ್. ೨೦೦೪ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ತಮಿಳುನಾಡಿನ ನಾಗಪಟ್ಟಣಕ್ಕೆ ಹೋದ. ಶನಿವಾರ ಎದುರಿನ ಅಂಗಡಿಗೆ ಫೋನ್ ಮಾಡಿ, "ಸಮುದ್ರದ ದಂಡಿಗೆ ಗಾಡಿ ಹಚ್ಚೇನಿ, ಸೋಮವಾರ ಮಾಲು ಇಳಸ್ತಾರ" ಎಂದ. ಮರುದಿನ ಹೊಸ್ತಿಲ ಹುಣ್ಣಿಮೆ. ಸವದತ್ತಿ ಗುಡ್ಡದ ಎಲ್ಲಮ್ಮ ಅಂದು ಗಂಡನನ್ನು ಕಳೆದುಕೊಳ್ಳುತ್ತಾಳೆ; ಅವಳ ಬಳೆ ಒಡೆಯುವಾಗ ಹರಕೆ ಹೊತ್ತ ಹೆಂಗಸರೂ ತಮ್ಮ ಬಳೆ ಒಡೆದುಕೊಳ್ಳುತ್ತಾರೆ. ಎರಡು ತಿಂಗಳಿಗೆ ಭಾರತ ಹುಣ್ಣಿಮೆ ಬಂದರೆ ದೇವಿ ಮತ್ತೆ ಮುತ್ತೈದೆ, ಇವರಿಗೂ ಹೊಸ ಬಳೆ. ಗಂಡನ ಆಯುಷ್ಯ ಗಟ್ಟಿಯಾಗಲೆಂದು ಸತ್ಯವ್ವನೂ ಅಂದು ಗುಡ್ಡ ಹತ್ತಿ, ಹೊತ್ತು ಮುಳುಗುವ ವೇಳೆಗೆ ಕೈತುಂಬ ಇದ್ದ ಹಸಿರು ಬಳೆ ಒಡೆದುಕೊಂಡು ಬಂದಳು.

ಮಂಗಳವಾರ ಲಾರಿ ಮಾಲೀಕ ಬಂದ. ಎಲ್ಲೋ ಸಮುದ್ರದ ತಳದಲ್ಲಿ ಭೂಮಿ ನಡುಗಿ, ಭಾನುವಾರ ನೀರು ಊರೊಳಗೆ ನುಗ್ಗಿತ್ತು. ಸಾವಿರಾರು ಜನ ಹೋಗಿದ್ದರು. ಮಗುಚಿ ಬಿದ್ದ ಲಾರಿ ಸಿಕ್ಕಿತು, ಲಕ್ಷ್ಮಣ ಸಿಗಲಿಲ್ಲ. ನಮ್ಮ ಜನ ಸಮುದ್ರ ಕಂಡವರಲ್ಲ, ಆದರೆ ಅದು ಯಾಕೆ ಉಕ್ಕಿತೆಂದು ಹೇಳಲು ಮಾತ್ರ ಯಾರೂ ತಡಮಾಡಲಿಲ್ಲ. ಅತ್ತೆ ತಾಯವ್ವ ಎದೆ ಬಡಿದುಕೊಂಡು, "ಗಂಡ ದೂರದ ದಾರ್ಯಾಗ ಇದ್ದಾಗ ಯಾರರ ಬಳಿ ಒಡಕೋತಾರೇನ? ನಿನ್ನ ಕೈಯಾರೆ ನನ್ನ ಮಗನ್ನ ಕೊಂದಿ!" ಎಂದಳು. ಮಗನನ್ನು ಕಳೆದುಕೊಂಡವಳ ಬಾಯಿ ಹಿಡಿಯುವವರು ಯಾರು? ಆದರೆ ಸತ್ಯವ್ವ ಅದನ್ನು ನಂಬಿಬಿಟ್ಟಳು.

ಭಾರತ ಹುಣ್ಣಿಮೆಗೆ ಅವಳು ಗುಡ್ಡ ಹತ್ತಲಿಲ್ಲ. ಮುಂದೆ ಅತ್ತೆ ತೀರಿಕೊಂಡಳು, ಮಗಳು ನೀಲಾ ಓದಿ ಟೀಚರಾದಳು. ಟಿವಿಯಲ್ಲಿ ಸುನಾಮಿ ಎಂಬ ಮಾತು ಬಂದರೆ ಸತ್ಯವ್ವ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅಪ್ಪನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಸುನಾಮಿ ಬಂದು ಇಪ್ಪತ್ತು ವರ್ಷ ತುಂಬಿದ ದಿನ ನೀಲಾ ಮೊಬೈಲಿನಲ್ಲಿ ಅದೇ ಸುದ್ದಿ ನೋಡುತ್ತ ಕೂತಿದ್ದಳು. ಸತ್ಯವ್ವ ಒಲೆಯ ಮುಂದೆ. ಹಂಚಿನ ಮೇಲೆ ರೊಟ್ಟಿ ಇತ್ತು, ಬಿಟ್ಟೇಳುವಂತಿರಲಿಲ್ಲ. ನಾಗಪಟ್ಟಣಕ್ಕೆ ಬೆಳಿಗ್ಗೆ ಸುಮಾರು ಒಂಬತ್ತಕ್ಕೆ ಅಲೆ ಬಡಿಯಿತು ಎಂದಿತು ಮೊಬೈಲು.

"ಏನಂತು? ಎಷ್ಟಕ್ಕ?"

"ಮುಂಜಾನೆ ಒಂಬತ್ತಕ್ಕ. ಯಾಕವ್ವಾ?"

"ನಾ ಬಳಿ ಒಡಕೊಂಡದ್ದು ಹೊತ್ತು ಮುಳಗೂವಾಗ..."

ನೀಲಾಗೆ ಎಲ್ಲ ತಿಳಿದದ್ದು ಆಗಲೇ. ಅವಳು ಅವ್ವನ ಕೈ ಹಿಡಿದು, "ಇಷ್ಟ ವರ್ಷ ಇದನ್ನ ಹೊತ್ಕೊಂಡ ಕುಂತಿದ್ದೇನ? ನಿಂದೇನೂ ತಪ್ಪಿಲ್ಲಬೇ" ಎಂದಳು. ಒಂದು ದಿನವೂ ರೊಟ್ಟಿ ಸೀಯಿಸದವಳ ಹಂಚಿನ ಮೇಲೆ ಅಂದು ರೊಟ್ಟಿ ಕರಕಾಯಿತು.

ಸತ್ಯವ್ವ ಕರಕಾದ ರೊಟ್ಟಿ ತೆಗೆದು ಬದಿಗಿಟ್ಟಳು. ಇಷ್ಟು ದಿನ ತನ್ನ ತಪ್ಪನ್ನು ನೆನೆದು ಅತ್ತಿದ್ದಳೇ ಹೊರತು, ಗಂಡನನ್ನು ನೆನೆಯಲು ಅವಳಿಗೆ ಧೈರ್ಯವಾಗಿರಲಿಲ್ಲ.

"ಒಂಬತ್ತಕ್ಕಂದ್ರ, ನೀಲಾ," ಎಂದಳು ಕೊನೆಗೆ, "ನಿಮ್ಮಪ್ಪ ಚಾ ಆದ್ರೂ ಕುಡದಿದ್ನೋ ಇಲ್ಲೋ?"